ಒತ್ತದ ಅಂಗಿ

ನಮ್ಮ ದೊಡ್ಡಪ್ಪ ಮೂವತ್ತೊಂದು ವರ್ಷದಿಂದ ಒಂದೇ ಟೈಲರ್ ಅಂಗಡಿಯಲ್ಲಿ ಕೋಟಿನ ಬಟ್ಟೆ ಕತ್ತರಿಸುತ್ತಿದ್ದಾರೆ. ತಾವು ಕತ್ತರಿಸಿದ ಕೋಟು ಯಾರಿಗೂ ಎಲ್ಲಿಯೂ ಒತ್ತುವುದಿಲ್ಲ ಎಂಬುದು ಅವರ ಹೆಮ್ಮೆ.

ಕಳೆದ ವರ್ಷ ಅವರು ಹಗಲಲ್ಲೇ ತೂಕಡಿಸತೊಡಗಿದರು. ಒಂದು ಮಧ್ಯಾಹ್ನ ಕತ್ತರಿ ಹಿಡಿದೇ ನಿದ್ದೆಗೆ ಜಾರಿದರು. ಕಣ್ಣು ಬಿಟ್ಟಾಗ ಗಿರಾಕಿಯೊಬ್ಬರ ಕೋಟಿನ ತೋಳು ಮೊಣಕೈಗೇ ಮುಗಿದಿತ್ತು. ಮಾಲೀಕರು ಬೈಯಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ಕತ್ತರಿ ಕೆಳಗಿಡಿ. ಗುಂಡಿ ಹಚ್ಚೋ ಕೆಲಸ ಹೇಗೂ ಇದೆ," ಎಂದರು. ಅದಕ್ಕಿಂತ ಬೈಗುಳವೇ ವಾಸಿ ಅನ್ನಿಸಿತು ದೊಡ್ಡಪ್ಪನಿಗೆ.

ಡಾಕ್ಟರು ಒಂದು ರಾತ್ರಿ ಮೈಗೆಲ್ಲ ವೈರು ಅಂಟಿಸಿ ನಿದ್ದೆಯ ಪರೀಕ್ಷೆ ಮಾಡಿಸಿದರು. ಅಂಗಾತ ಮಲಗಿದಾಗ ನಾಲಿಗೆಯ ಬುಡ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತಿತ್ತು. ಗಂಟೆಗೆ ಮೂವತ್ತೆಂಟು ಸಲ ಉಸಿರು ನಿಲ್ಲುತ್ತಿತ್ತು. ಮಗ್ಗುಲಾದರೆ ನಾಲ್ಕೇ ಸಲ.

"ಎಲ್ಲರಿಗೂ ಹೀಗಿರಲ್ಲ. ಕೆಲವರಿಗೆ ಹೇಗೆ ಮಲಗಿದ್ರೂ ರಾತ್ರಿಯಿಡೀ ಗಾಳಿ ಊದೋ ಮಾಸ್ಕ್ ಬೇಕೇ ಬೇಕು. ನಿಮಗೆ ಮೊದಲು ಇದನ್ನ ನೋಡೋಣ. ಅಂಗಿ ಬೆನ್ನಿಗೆ ಒಂದು ಜೇಬು ಹೊಲಿದು ಟೆನಿಸ್ ಚೆಂಡು ಇಡಿ. ತಿಂಗಳು ಬಿಟ್ಟು ಬನ್ನಿ."

ಹೊಲಿಗೆ ಎಂದರೆ ದೊಡ್ಡಪ್ಪನಿಗೆ ನೀರು ಕುಡಿದಷ್ಟು ಸಲೀಸು. ತಮ್ಮ ಬೆನ್ನಿನ ಅಳತೆ ತೆಗೆಸಿಕೊಂಡು, ಎರಡು ಸಲ ಟ್ರಯಲ್ ನೋಡಿ, ಚೆಂಡಿನ ಸುತ್ತ ಕೋಟಿನ ಭುಜಕ್ಕೆ ಹಾಕುವ ಪ್ಯಾಡು ಕೊಟ್ಟು, ಬೆನ್ನಿನ ಹಳ್ಳಕ್ಕೆ ಸರಿಯಾಗಿ ಕೂರುವ ಜೇಬು ಹೊಲಿದರು. ತಿಂಗಳಿಡೀ ಅದರ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆದರು. ಅಂಗಡಿಯಲ್ಲಿ ಮಾತ್ರ ಗಳಿಗೆಗೊಮ್ಮೆ ಎದ್ದು ಮುಖ ತೊಳೆದು ಬರಬೇಕಾಯಿತು.

ಡಾಕ್ಟರ ಮುಂದೆ ಅಂಗಿ ಬಿಡಿಸಿ ತೋರಿಸಿದರು. "ನೋಡಿ ಸಾರ್, ಒಂಚೂರೂ ಒತ್ತಲ್ಲ."

"ಒತ್ತಲಿ ಅಂತಲೇ ಅಲ್ವೇನ್ರೀ ನಾನು ಹೇಳಿದ್ದು!"

ಜೊತೆಗಿದ್ದ ದೊಡ್ಡಮ್ಮ ನಕ್ಕರು. "ಇವರ ಕೈಲಿ ಅದು ಈ ಜನ್ಮದಲ್ಲಿ ಆಗಲ್ಲ ಡಾಕ್ಟ್ರೇ. ನಾನು ಹೊಲಿತೀನಿ ಬಿಡಿ."

ದೊಡ್ಡಮ್ಮ ಸೂಜಿ ಹಿಡಿದು ಗೊತ್ತಿಲ್ಲದವರು. ಹಳೆಯ ಕಾಲುಚೀಲಕ್ಕೆ ಚೆಂಡು ತುರುಕಿ, ಬಿಳಿ ಅಂಗಿಗೆ ಕಪ್ಪು ದಾರದಲ್ಲಿ ಅಡ್ಡಾದಿಡ್ಡಿ ಬಿಗಿದರು.

"ಅಯ್ಯೋ, ಹೊಲಿಗೆನಾದ್ರೂ ನೇರ ಹಾಕೇ!"

"ಬೆನ್ನ ಹಿಂದಿರೋದು ನಿಮಗೇನು ಕಾಣತ್ತೆ? ಸುಮ್ನೆ ಹಾಕ್ಕೊಳ್ಳಿ."

ಎರಡೇ ವಾರದಲ್ಲಿ ಮಧ್ಯಾಹ್ನದ ತೂಕಡಿಕೆ ಹೋಯಿತು. ಮರುಪರೀಕ್ಷೆಯಲ್ಲಿ ಮೂವತ್ತೆಂಟು ಐದಕ್ಕಿಳಿದಿತ್ತು. ಒಂದು ದಿನ ಮಾಲೀಕರು ಊಟದ ನಂತರ ಎದುರಿಗೇ ಕುಳಿತು, ದೊಡ್ಡಪ್ಪ ಇಡೀ ಕೋಟು ಕತ್ತರಿಸುವುದನ್ನು ನೋಡಿ, ಮುಂದಿನ ಬಟ್ಟೆಯನ್ನು ಅವರತ್ತ ಸರಿಸಿದರು.

ಆ ಅಂಗಿಯನ್ನು ಮಾತ್ರ ದೊಡ್ಡಪ್ಪ ಒಳಕೋಣೆಯಲ್ಲೇ ಒಣಹಾಕುತ್ತಾರೆ. ಬೀದಿಯಲ್ಲಿ ಹೋಗುವ ಗಿರಾಕಿಗಳು ನೋಡಿ, ಇದನ್ನೂ ಇವರೇ ಹೊಲಿದದ್ದು ಎಂದುಕೊಂಡರೆ ಏನು ಗತಿ!