ರಾಯಪ್ಪನ ಹಳೇ ಹೆಸರು

ದೆಹಲಿಯಲ್ಲಿ ಯಾರಾದರೂ ಏನನ್ನಾದರೂ ಪುಕ್ಕಟೆ ಮಾಡಿಕೊಡುತ್ತೇನೆ ಎಂದರೆ ನಾನು ಮೊದಲು ನನ್ನ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಆಮೇಲೆ ಅವರ ಧ್ವನಿಗೆ ಕಿವಿ ಕೊಡುತ್ತೇನೆ. ನೋಯ್ಡಾದ ಕಂಪನಿಯೊಂದರಲ್ಲಿ ಗ್ರಾಹಕರ ಫೋನ್ ಕರೆಗಳ ರೆಕಾರ್ಡಿಂಗ್ ಕೇಳಿ, ನಮ್ಮ ಹುಡುಗರು ನಯವಾಗಿ ಮಾತಾಡಿದರೋ ಇಲ್ಲವೋ ಎಂದು ಅಂಕ ಹಾಕುವುದು ನನ್ನ ಕೆಲಸ. ಹಗಲೆಲ್ಲ ಕಿವಿಗೆ ಬಿದ್ದ ಧ್ವನಿಗಳು ಸಂಜೆ ಬಾಯಿಂದ ತಾವಾಗಿಯೇ ಹೊರಬರುತ್ತವೆ. ಬಾಸ್, ಬಾಸಿನ ಬಾಸ್, ಕರೋಲ್ ಬಾಗಿನ ನಮ್ಮ ಮನೆ ಮಾಲೀಕ, ಮೆಟ್ರೋದಲ್ಲಿ ಬಾಗಿಲಿನ ಬಗ್ಗೆ ಎಚ್ಚರಿಸುವ ಹೆಂಗಸು, ಯಾರನ್ನೂ ಬಿಟ್ಟಿಲ್ಲ. ಹುಡುಗಿಯರು ಎದುರಿಗಿದ್ದಾಗ ಇದ್ದಕ್ಕಿದ್ದಂತೆ ದಪ್ಪವಾಗುವ ನನ್ನ ಸ್ವಂತ ಗಂಟಲನ್ನಂತೂ ಬಹಳ ಚೆನ್ನಾಗಿ ಅಣಕಿಸುತ್ತೇನೆ.

ಇಲ್ಲಿನ ಕನ್ನಡದವರ ಒಂದು ಕೂಟದಲ್ಲಿ ನಮ್ಮೂರ ಚರ್ಚಿನ ಸ್ವಾಮಿಯವರು ಭಾನುವಾರ ಕೊಡುವ ಉಪದೇಶದ, ಅಂದರೆ ಪ್ರಸಂಗದ, ಮಿಮಿಕ್ರಿ ಮಾಡಿದ್ದೆ. ಮೂಗಿನಲ್ಲಿ ಹೊರಟು, ಗಂಟಲಲ್ಲಿ ಸಿಕ್ಕಿಕೊಂಡು, ಕೊನೆಗೆ ಕೆಮ್ಮಾಗಿ ಮುಗಿಯುವ ಪ್ರಸಂಗ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಗಿದ ಮೇಲೆ ಒಬ್ಬ ಮೇಡಂ ಹತ್ತಿರ ಬಂದರು. ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈಯಲ್ಲಿ ಪುಳಿಯೋಗರೆ ತಟ್ಟೆ.

"ನಿಮ್ಮ ಚರ್ಚಲ್ಲಿ ಹಳೇ ಪುಸ್ತಕಗಳು ಇರಬೇಕಲ್ಲ? ಮಕ್ಕಳ ಜ್ಞಾನಸ್ನಾನದ್ದು, ಮದುವೇದು, ಸಾವಿಂದು?"

ಎಲ್ಲರೂ ಒನ್ಸ್ ಮೋರ್ ಕೇಳುತ್ತಿದ್ದರೆ ಈಕೆ ಸಾವಿನ ಪುಸ್ತಕ ಕೇಳುತ್ತಿದ್ದಾರೆ. ನನಗೆ ಆಗಲೇ ಏನೋ ಕಚ್ಚಿದಂತಾಯಿತು.

"ಇವೆ ಮೇಡಂ. ಅರ್ಧ ನಮ್ಮದು, ಅರ್ಧ ಗೆದ್ದಲಿಂದು."

"ತಂದುಕೊಡು. ರಿಪೇರಿ ಮಾಡಿಕೊಡ್ತೀನಿ. ದುಡ್ಡು ಬೇಡ."

ಜೇಬು ಮುಟ್ಟಿ ನೋಡಿಕೊಂಡೆ.

ವಿಚಾರಿಸಿದರೆ, ಅವರು ಬಹಳ ವರ್ಷ ಸರ್ಕಾರಿ ದಾಖಲೆಗಳ ಕಚೇರಿಯಲ್ಲಿ ಹರಿದ ಕಾಗದ ಸರಿಮಾಡುವ ಕೆಲಸದಲ್ಲಿದ್ದು ಬೇಗ ನಿವೃತ್ತಿ ತೆಗೆದುಕೊಂಡವರು. ಗಂಡ ಇನ್ನೂ ಅಧಿಕಾರಿ. ವಾಸ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ. ಹಳ್ಳಿ ಚರ್ಚುಗಳ ಪುಸ್ತಕ ಹಾಳಾದರೆ ಆ ಊರಿನ ಬಡವರ ಹುಟ್ಟು ಸಾವು ಇನ್ನೆಲ್ಲೂ ಬರೆದಿರುವುದಿಲ್ಲ, ಅದಕ್ಕೇ ಮಾಡುತ್ತೇನೆ ಎಂದರು. ಇಷ್ಟು ಒಳ್ಳೆಯ ಕಾರಣ ಕೇಳಿದ ಮೇಲೆ ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಊರಿಗೆ ಹೋದಾಗ ಸ್ವಾಮಿಯವರಿಗೆ ಹೇಳಿದೆ. ನಮ್ಮದು ಮೈಸೂರು ಕಡೆಯ ಸಣ್ಣ ಊರು. ಅಲ್ಲಿನ ಪುಸ್ತಕಗಳನ್ನು ಒಂದು ಕಾಲದಲ್ಲಿ ಪರದೇಶದ ಪಾದ್ರಿಗಳು ಲತೀನ್ ಭಾಷೆಯಲ್ಲಿ ಬರೆದಿಟ್ಟಿದ್ದರು. ಪುಟ ತಿರುಗಿಸಿದರೆ ಹಪ್ಪಳ ಮುರಿದ ಶಬ್ದ. ಸ್ವಾಮಿಯವರಿಗೆ ಆಸೆಯಾಯಿತು. ಆದರೆ ಭಾನುವಾರ ಚರ್ಚಿನಲ್ಲಿ ಬಲಿಪೂಜೆಯ ಪ್ರಾರ್ಥನೆ ಆದಮೇಲೆ ವಿಷಯ ಎತ್ತಿದ್ದೇ ತಡ, ಊರವರು ಮುಖ ಗಂಟು ಹಾಕಿದರು. ಅದಕ್ಕೆ ಕಾರಣವೂ ಇತ್ತು. ಆ ಮಳೆಗಾಲದಲ್ಲಿ ಯಾರೋ ಇಬ್ಬರು ಬೈಕಿನಲ್ಲಿ ಬಂದು, "ನಿಮ್ಮ ಮುತ್ತಾತ ಮೊದಲು ಯಾವ ಜನ, ಮೊದಲಿನ ಹೆಸರೇನು?" ಎಂದು ಮನೆಮನೆಗೆ ಕೇಳಿಕೊಂಡು ಹೋಗಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ.

"ದಿಲ್ಲಿಗಾ? ಪುಸ್ತಕ ದಿಲ್ಲಿಗೋದ್ರೆ ಬತ್ತದಾ?" ಎಂದು ಚರ್ಚಿನ ಹಿರಿಯರೊಬ್ಬರು ಎದ್ದು ನಿಂತರು. "ಓಟಾಕಿ ಕಳಿಸ್ದೋರೇ ಬರಕ್ಕಿಲ್ಲ."

ಸ್ವಾಮಿಯವರು ಎಲ್ಲರೆದುರು ಮಾತು ಕೊಟ್ಟರು: ಪುಸ್ತಕಗಳು ಹೋದ ಹಾಗೇ ವಾಪಸು ಬರುತ್ತವೆ, ಅವುಗಳಿಂದ ಯಾರ ಮನೆಗೂ ತೊಂದರೆ ಬರುವುದಿಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಕೇಳಿಸ್ಕೊಂಡ್ಯಾ? ಇದರಲ್ಲಿ ಒಂದು ತಪ್ಪಿದ್ರೂ ಈ ಊರಲ್ಲಿ ನನ್ನ ಪ್ರಸಂಗ ಕೇಳೋಕೆ ನೀನೂ ಇರಲ್ಲ," ಎಂದು ಕೆಮ್ಮಿದರು.

ತಗಡಿನ ಪೆಟ್ಟಿಗೆಯಲ್ಲಿ ಪುಸ್ತಕಗಳನ್ನಿಟ್ಟು ರೈಲು ಹತ್ತಿದೆ. ದಾರಿಯುದ್ದಕ್ಕೂ ಅದರ ಮೇಲೆ ಕಾಲು ಚಾಚಿಯೇ ಕೂತಿದ್ದೆ. ನಾಗಪುರ ದಾಟಿದ ಮೇಲೆ ಎದುರಿನ ಸೀಟಿನವರು ನನ್ನನ್ನೇ ಅನುಮಾನದಿಂದ ನೋಡತೊಡಗಿದರು.

ಮೇಡಂ ಮನೆಯ ಊಟದ ಮೇಜು ನಮ್ಮ ಪುಸ್ತಕಗಳ ಆಸ್ಪತ್ರೆಯಾಯಿತು. ಹಾಲು ಕಾಯಿಸುವ ಪಾತ್ರೆಯಲ್ಲಿ ಅಂಟು ಬೇಯುತ್ತಿತ್ತು. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಕಾಗದವನ್ನು ಹರಿದು ಹರಿದು, ಕುಂಚದಿಂದ ಅಂಟು ಸವರಿ, ಪುಟದ ಹಿಂದೆ ಇಡುತ್ತಿದ್ದರು. ಕತ್ತರಿ ಮುಟ್ಟುತ್ತಿರಲಿಲ್ಲ, ಹರಿದ ಅಂಚೇ ಚೆನ್ನಾಗಿ ಕೂರುತ್ತದಂತೆ. ನಾನು ರಜೆ ಸಿಕ್ಕಾಗಲೆಲ್ಲ ಹೋಗಿ ಕೂರುತ್ತಿದ್ದೆ. ಸಹಾಯಕ್ಕೆ ಎಂದು ಹೇಳುತ್ತಿದ್ದೆ. ಕಾವಲಿಗೆ ಎಂದು ಅವರಿಗೆ ಗೊತ್ತಿತ್ತು.

ಕಾಲೇಜಿಗೆ ಹೋಗುವ ಮಗಳಂತೂ ಬಾಗಿಲು ತೆಗೆಯುತ್ತಲೇ ಕೂಗುತ್ತಿದ್ದಳು: "ಮಮ್ಮಾ, ಆಪ್‌ಕಾ ಸೆಕ್ಯೂರಿಟಿ ಗಾರ್ಡ್ ಆ ಗಯಾ!"

ಒಂದು ದಿನ ಮೇಡಂ ಅಂಟು ಕಲಕಲು ಒಳಗೆ ಹೋದಾಗ ಲ್ಯಾಪ್‌ಟಾಪ್ ತೆರೆದೇ ಇತ್ತು. ಪುಸ್ತಕದಲ್ಲಿರುವ ಹೆಸರುಗಳನ್ನು ಅವರು ಸಾಲಾಗಿ ಟೈಪು ಮಾಡುತ್ತಿದ್ದರು. ಕಣ್ಣು ಹಾಯಿಸಿದೆ. ಹೆಸರು: ಪೇತ್ರುಸ್. ಹೆಸರು: ಪೌಲುಸ್. ಸರಿ. ಪಕ್ಕದಲ್ಲೇ ಇನ್ನೊಂದು ಅಂಕಣ. ಮೇಲೆ ದಪ್ಪ ಅಕ್ಷರದಲ್ಲಿ, "ಮತಾಂತರಕ್ಕೆ ಹಿಂದಿನ ಹೆಸರು." ಅದರ ಕೆಳಗೆ: ರಾಯಪ್ಪ. ಚಿನ್ನಪ್ಪ. ರಾಯಪ್ಪ. ಮತ್ತೆ ರಾಯಪ್ಪ.

ನನಗೆ ಬೈಕಿನವರು ನೆನಪಾದರು. ಫೋನಿನಲ್ಲಿ ಫೋಟೋ ಹೊಡೆದುಕೊಂಡು, ತಲೆನೋವು ಎಂದು ಹೇಳಿ ಹೊರಟುಬಿಟ್ಟೆ.

ನನ್ನ ರೂಮಿನಲ್ಲಿ ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬನಿದ್ದಾನೆ. ಓಲ್ಡ್ ರಾಜಿಂದರ್ ನಗರದಲ್ಲಿ ಐಎಎಸ್ ಕೋಚಿಂಗು. ಬೆಳಗಿನ ಚಹಾದಲ್ಲೂ ಆಳುವವರ ಕೈವಾಡ ಕಾಣುವ ಪ್ರಾಣಿ. ಫೋಟೋ ನೋಡಿ ಮಂಚದ ಮೇಲೆ ಎದ್ದು ಕೂತ.

"ಲೇ, ಇದು ಲಿಸ್ಟ್ ಲೇ! ಯಾರ್ಯಾರು ಮೊದಲ ಏನಿದ್ರು ಅನ್ನೂದರ ಪಕ್ಕಾ ಲಿಸ್ಟ್. ಪುಕ್ಕಟೆ ಯಾಕ ಮಾಡಾಕತ್ತಾಳ ಅಂತ ಈಗರ ತಿಳೀತ?"

"ಆದ್ರೆ ಅದು ತಪ್ಪು. ರಾಯಪ್ಪ ಅಂದ್ರೇ ಪೇತ್ರ, ಇಂಗ್ಲಿಷಿನ ಪೀಟರ್. ಎರಡೂ ಒಂದೇ ಹೆಸರು."

"ಯಾವ ಡಿಕ್ಷನರಿಯೊಳಗ?"

"ನಮ್ಮೂರಲ್ಲಿ."

"ನಿಮ್ಮೂರು ಸಿಲೆಬಸ್ಸಿನ್ಯಾಗ ಇಲ್ಲಪಾ," ಎಂದು ಅವನು ಮತ್ತೆ ಮಲಗಿದ. "ಮೊದಲ ಪುಸ್ತಕ ಎತ್ತಿಕೊಂಡು ಬಾ. ಆಮ್ಯಾಲೆ ವ್ಯಾಕರಣ."

ಮುಂದಿನ ಭಾನುವಾರ ಖಾಲಿ ಪೆಟ್ಟಿಗೆ ಹಿಡಿದುಕೊಂಡೇ ಕಿದ್ವಾಯಿ ನಗರಕ್ಕೆ ಹೋದೆ. ಮೇಡಂ ಪೆಟ್ಟಿಗೆ ನೋಡಿದರು, ನನ್ನ ಮುಖ ನೋಡಿದರು, ಒಂದು ತಟ್ಟೆ ಕೋಡುಬಳೆ ತಂದು ಮುಂದಿಟ್ಟರು.

"ಪುಸ್ತಕ ವಾಪಸ್ ಬೇಕು ಮೇಡಂ."

"ಒಂದು ಇನ್ನೂ ಬಾಕಿ ಇದೆ. ಏನಾಯ್ತು?"

ಫೋಟೋ ತೋರಿಸಿದೆ. ಕದ್ದು ತೆಗೆದದ್ದಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ ಓದಿ, "ಹೌದು, ನಾಳೆ ಇದನ್ನ ಒಂದು ಸಂಶೋಧನಾ ಸಂಸ್ಥೆಗೆ ಕಳಿಸ್ತಿದೀನಿ. ಅವರ ಸೈಟಲ್ಲಿ ಹಾಕ್ತಾರೆ. ಯಾರು ಬೇಕಾದ್ರೂ ಹುಡುಕಬಹುದು. ಒಳ್ಳೇದಲ್ವಾ?" ಎಂದರು.

ಯಾರು ಬೇಕಾದರೂ. ಬೈಕಿನವರ ಕಥೆ ಹೇಳಿದೆ; ಸ್ವಾಮಿಯವರು ಕೊಟ್ಟ ಮಾತು ಹೇಳಿದೆ; ಆ ಹೆಸರುಗಳು ಹಿಂದಿನವಲ್ಲ, ರಾಯಪ್ಪ ಎಂದರೆ ಪೇತ್ರ, ಚಿನ್ನಪ್ಪ ಎಂದರೆ ಪೌಲ, ಪಾದ್ರಿಗಳು ಲತೀನ್ ಹೆಸರು ಬರೆದು ಕೆಳಗೆ ಮನೆಯಲ್ಲಿ ಕರೆಯುವ ಹೆಸರು ಬರೆದಿದ್ದಾರೆ, ಅಷ್ಟೇ ಎಂದೆ.

ಮೇಡಂ ಕುಂಚ ಕೆಳಗಿಟ್ಟರು. "ನಮ್ಮೂರಲ್ಲಿ ರಾಯಪ್ಪ ಅಂದ್ರೆ ಹಿಟ್ಟಿನ ಗಿರಣಿಯವನು. ಮೂರು ಬೆರಳು ವಿಭೂತಿ ಹಚ್ಕೋತಾನೆ. ಅವನೂ ಪೇತ್ರನಾ?"

"ಅವನು ಬೇರೆ ರಾಯಪ್ಪ."

"ಅಚ್ಛಾ! ನಿಮ್ಮ ರಾಯಪ್ಪ ಬೇರೆ, ನಮ್ಮ ರಾಯಪ್ಪ ಬೇರೆ." ಅವರ ಧ್ವನಿ ಈಗ ಕಚೇರಿಯದ್ದಾಗಿತ್ತು. "ನೋಡಪ್ಪ, ನಿಮ್ಮೂರವರ ಹೆದರಿಕೆ ನನಗೆ ಅರ್ಥ ಆಗುತ್ತೆ. ಆದರೆ ಹೆದರಿಕೆಯಾಯ್ತು ಅಂತ ದಾಖಲೆಯಲ್ಲಿರೋದನ್ನ ಇಲ್ಲ ಅನ್ನೋಕಾಗಲ್ಲ. ನೀನು ಮುಚ್ಚಿಡ್ತಿಲ್ಲ ಅಂತ ಹೇಗೆ ನಂಬಲಿ? ಯಾರಾದ್ರೂ ತಿಳಿದವರು ಹೇಳಲಿ."

ಅಂದರೆ ಇಷ್ಟು ದಿನ ನಾನು ಅವರನ್ನು ಅನುಮಾನಿಸುತ್ತಿದ್ದೆ. ಈಗ ಅವರು ನನ್ನನ್ನು. ಸರಿ, ತಿಳಿದವರೇ ಹೇಳಲಿ ಎಂದುಕೊಂಡು, ರಾಯಪ್ಪನೂ ಪೇತ್ರನೂ ಹೇಗೆ ಒಂದು ಎಂದು ಸ್ವಾಮಿಯವರಿಗೆ ಮೆಸೇಜು ಹಾಕಿ, ಕೂಡಲೇ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಅವರು ಎತ್ತುವಷ್ಟರಲ್ಲಿ, ಗಾಬರಿಗೆ, ಒಂದು ಕೋಡುಬಳೆ ಬಾಯಿಗೆ ಹಾಕಿಕೊಂಡಿದ್ದೆ.

"ಹಲೋ, ಏನಪ್ಪಾ..." ಎಂದು ಮೂಗಿನಿಂದ ಹೊರಟ ಧ್ವನಿ ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಾಯಿತು.

ಮೇಡಂ ಮುಖ ಕೆಂಪಾಯಿತು. "ಸಾಕು ಮಾಡು ನಿನ್ನ ಮಿಮಿಕ್ರಿ! ತಮಾಷೆ ಮಾಡೋ ಹೊತ್ತಾ ಇದು?"

ನಾನು ಮಾತಾಡಲು ಹೋದರೆ ಕೋಡುಬಳೆ. ಬರೀ ತಲೆ ಅಲ್ಲಾಡಿಸಿದೆ.

"ಯಾರಮ್ಮಾ ಅದು ಬೈತಿರೋದು?" ಎಂದರು ಸ್ವಾಮಿಯವರು.

"ನೋಡು, ಬಾಯಿ ಮುಚ್ಕೊಂಡೇ ಮಾಡ್ತಿದಾನೆ!" ಎಂದು ಮೇಡಂ ಮಗಳನ್ನು ಕೂಗಿದರು.

ಮಗಳು ಓಡಿ ಬಂದು ನನ್ನ ಗಂಟಲ ಹತ್ತಿರ ಬಗ್ಗಿ ನೋಡಿದಳು. "ಮಮ್ಮಾ, ವೆಂಟ್ರಿಲೋಕ್ವಿಸ್ಟ್ ಹೈ! ಹೊಟ್ಟೆಯಿಂದ ಬೋಲ್ ರಹಾ ಹೈ!"

ಫೋನಿನ ಆ ಕಡೆ ಸ್ವಾಮಿಯವರು ಪೇತ್ರ ಎಂದರೆ ಕಲ್ಲು, ತೆಲುಗಿನಲ್ಲಿ ರಾಯಿ ಎಂದರೂ ಕಲ್ಲು, ಪೌಲ ಎಂದರೆ ಚಿಕ್ಕವನು, ಆದ್ದರಿಂದ ಚಿನ್ನಪ್ಪ, ಎಂದು ಕ್ರಮವಾಗಿ ವಿವರಿಸುತ್ತಿದ್ದರು. ಒಂದೊಂದು ಮಾತಿಗೂ ಮೇಡಂ ನನ್ನ ಹೊಟ್ಟೆಯನ್ನೇ ದಿಟ್ಟಿಸುತ್ತಿದ್ದರು. ನನ್ನ ಜೀವಮಾನದ ಅತಿ ಒಳ್ಳೆಯ ಮಿಮಿಕ್ರಿ ಅದು, ನಾನು ಮಾಡದೇ ಇದ್ದದ್ದು. ಮಾರನೆಯ ದಿನ ಆ ಪಟ್ಟಿ ಹೊರಗೆ ಹೋದರೆ ಸ್ವಾಮಿಯವರು ಊರಿಗೆ ಏನು ಹೇಳುತ್ತಾರೆ ಎಂದು ಯೋಚಿಸಿದರೆ ಮಾತ್ರ ನಗು ಬರುತ್ತಿರಲಿಲ್ಲ.

ಕೋಡುಬಳೆ ನುಂಗಿ ಕೂಗಿದೆ: "ಸ್ವಾಮಿ, ವೀಡಿಯೊ ಕಾಲ್ ಮಾಡಿ! ಪೀಠದ ಪಕ್ಕದ ಸ್ವರೂಪ ತೋರಿಸಿ!"

ಮೊದಲು ಸ್ವಾಮಿಯವರ ಕಿವಿ ಕಂಡಿತು. ಆಮೇಲೆ ಫ್ಯಾನು. ಚರ್ಚಿನೊಳಗೆ ಹೋಗುವಾಗ ಚಿತ್ರ ನಿಂತು, ಮತ್ತೆ ಬಂತು. ಗಡ್ಡದ ಮುದುಕನ ಹಳೆಯ ಪ್ರತಿಮೆ. ಬಣ್ಣ ಉದುರಿದ ಕೈಯಲ್ಲಿ ದೊಡ್ಡ ಬೀಗದ ಕೈಗಳು. ಕೆಳಗೆ ಕಲ್ಲಿನಲ್ಲಿ ಕೊರೆದಿದ್ದ ಹಳೆಗಾಲದ ಅಕ್ಷರಗಳನ್ನು ಮೇಡಂ ಫೋನನ್ನು ಹತ್ತಿರ ಎಳೆದುಕೊಂಡು ಬೆರಳಿಟ್ಟು ಓದಿದರು. "ಸಂತ... ರಾಯಪ್ಪರು."

"ಅರೇ, ಯೇ ತೋ ಸೇಂಟ್ ಪೀಟರ್ ಹೈ!" ಎಂದಳು ಮಗಳು. ಅವಳು ಓದಿದ್ದು ದೆಹಲಿಯ ಕಾನ್ವೆಂಟಿನಲ್ಲಿ. "ಕೀಸ್ ದೇಖೋ ಮಮ್ಮಾ, ಸ್ವರ್ಗದ ಕೀಸ್. ನಮ್ ಸ್ಕೂಲ್ ಗೇಟಲ್ಲೂ ಇದ್ರು ಇವ್ರು."

"ಗ್ಯಾರಂಟಿನಾ?"

"ಹನ್ನೆರಡು ವರ್ಷ ರೋಜ್ ದೇಖಾ ಹೈ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಫೋನಿಗೆ ಕೈ ಮುಗಿದು, "ಕ್ಷಮಿಸಿ ಸ್ವಾಮಿಗಳೇ, ನಿಮ್ಮನ್ನ ಇವನು ಅಂದ್ಕೊಂಡೆ," ಎಂದರು.

"ಅದೊಂದು ಬೈಗುಳ ಆಯ್ತಮ್ಮ ನನಗೆ," ಎಂದರು ಸ್ವಾಮಿಯವರು.

ಆ ಅಂಕಣ ಅವತ್ತೇ ಸರಿಹೋಯಿತು. ಅವರು ಅದನ್ನು ಅಳಿಸಲಿಲ್ಲ. ತಲೆಬರಹ ಬದಲಿಸಿ, "ಅದೇ ಹೆಸರು, ಮನೆಮಾತಿನಲ್ಲಿ" ಎಂದು ಬರೆದರು. ಊರವರು ಒಪ್ಪುವವರೆಗೂ ಪಟ್ಟಿಯನ್ನು ಯಾರಿಗೂ ಕಳಿಸುವುದಿಲ್ಲ ಎಂದು ಸ್ವಾಮಿಯವರಿಗೆ ಹೇಳಿದರು. ರೂಮಿನ ಗೆಳೆಯನಾಗಿದ್ದರೆ ಕೇಳುತ್ತಿದ್ದ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕೇಳಿಯೇಬಿಟ್ಟೆ.

"ನಿಮ್ಮ ಹತ್ತಿರ ಕಾಪಿ ಇರುತ್ತಾ ಮೇಡಂ?"

"ಇರುತ್ತೆ. ಮತ್ತೆ ಗೆದ್ದಲು ಹಿಡಿದರೆ ಯಾರ ಹತ್ತಿರ ಓಡಿ ಬರ್ತೀರ?"

ಇಲ್ಲ ಎಂದಿದ್ದರೆ ನಂಬುತ್ತಿರಲಿಲ್ಲ. ಇದೆ ಎಂದದ್ದರಿಂದ ಹೆಚ್ಚು ನೆಮ್ಮದಿಯಾಯಿತು ಎಂದೂ ಹೇಳಲಾರೆ. ಆ ಕಾಪಿಯ ಬಗ್ಗೆ ಈಗಲೂ ಆಗಾಗ ಯೋಚಿಸುತ್ತೇನೆ. ಅವರು ನಂಬಿಕಸ್ಥರೇ. ಅವರ ನಂತರ ಆ ಲ್ಯಾಪ್‌ಟಾಪ್ ಯಾರ ಕೈಗೆ ಹೋಗುತ್ತದೆ?

ರಿಪೇರಿ ಪೂರ್ತಿಯಾದ ಮೇಲೆ ಪುಸ್ತಕಗಳನ್ನು ನಾನೇ ಊರಿಗೆ ಒಯ್ದೆ. ಬಲಿಪೂಜೆ ಆದಮೇಲೆ ಸ್ವಾಮಿಯವರು ಅವನ್ನು ಮೇಜಿನ ಮೇಲೆ ಜೋಡಿಸಿ, ಕೊಟ್ಟ ಮಾತು ನಡೆಸಿದವರ ಗತ್ತಿನಲ್ಲಿ ನಿಂತರು. ಅವತ್ತು ಎದ್ದು ನಿಂತಿದ್ದ ಅದೇ ಹಿರಿಯರು ಬಂದರು. ಪುಟ ತಿರುಗಿಸಿದರು. ಮೂಸಿ ನೋಡಿದರು.

"ಇದು ನಮ್ ಪುಸ್ತಕ ಅಲ್ಲ."

ಹಿರಿಯರು ಪುಸ್ತಕ ಎತ್ತಿ ಎಲ್ಲರಿಗೂ ತೋರಿಸಿದರು.

"ನಮ್ಮದ್ರಲ್ಲಿ ಪುಟ ಮುಟ್ಟಿದ್ರೆ ಉದುರೋದು. ಇದು ಹೊಸಾದು. ದಿಲ್ಲಿಯೋರು ಡೂಪ್ಲಿಕೇಟ್ ಮಾಡಿ ಕಳಿಸವ್ರೆ. ಅಸಲಿ ಅವರತ್ರನೇ ಅದೆ."

ಹೌದು ಹೌದು ಎಂದು ಹಿಂದಿನ ಸಾಲಿನಿಂದ ಸದ್ದೆದ್ದಿತು. ಸ್ವಾಮಿಯವರು ನನ್ನ ಕಡೆ ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ನಾನು ಮೇಡಂಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಹಿರಿಯರ ಕಿವಿಗೇ ಹಿಡಿದೆ.

"ಪುಟವನ್ನ ಬೆಳಕಿಗೆ ಹಿಡೀರಿ ಯಜಮಾನರೇ," ಎಂದರು ಮೇಡಂ. "ಎದುರಿಂದ ಅಲ್ಲ. ಕಿಟಕಿಗೆ ಅಡ್ಡ ಹಿಡೀರಿ."

ಹಿರಿಯರು ಪುಸ್ತಕವನ್ನು ಕಿಟಕಿಯ ಬಳಿಗೆ ಒಯ್ದು, ಸ್ವಾಮಿಯವರ ಕೈಲಿ ಹಿಡಿಸಿ, ಒಂದು ಪುಟವನ್ನು ಮೆಲ್ಲಗೆ ಎತ್ತಿದರು. ಬಿಸಿಲು ಬಿದ್ದದ್ದೇ ಗೆದ್ದಲು ತಿಂದ ಪ್ರತಿಯೊಂದು ತೂತೂ ಹಾಗ್ಹಾಗೇ ಹೊಳೆಯಿತು. ಹಿಂದಿನಿಂದ ತೆಳು ಕಾಗದ ಅದನ್ನು ಹಿಡಿದುಕೊಂಡಿತ್ತು. ತೂತುಗಳ ನಡುವೆ ಅವರ ತಾತನ ಹೆಸರಿತ್ತು. ಅವರು ಓದಲಿಲ್ಲ. ಎಲ್ಲಿದೆ ಎಂದು ಗೊತ್ತಿತ್ತು, ಬೆರಳಿಟ್ಟರು. ಬಹಳ ಹೊತ್ತು ನೋಡಿದರು.

"ತೂತು ನಮ್ಮವೇಯ," ಎಂದರು ಕೊನೆಗೆ.

ಸ್ವಾಮಿಯವರು ಉಸಿರು ಬಿಟ್ಟರು.

"ಆದ್ರೆ ಇಂದೆ ಅಂಟಿಸವ್ರಲ್ಲ, ಆ ಕಾಗ್ದ ಯಾವೂರ್ದು?"

"ಜಪಾನಿಂದು," ಎಂದರು ಮೇಡಂ ಫೋನಿನೊಳಗಿಂದ.

ಹಿರಿಯರು ಪುಟವನ್ನು ಜೋಪಾನವಾಗಿ ಕೆಳಗಿಳಿಸಿ, ಸ್ವಾಮಿಯವರ ಕಡೆ ತಿರುಗಿದರು. "ಜಪಾನೋರಿಗೆ ನಮ್ ಪುಸ್ತಕದಲ್ಲೇನ್ ಕೆಲ್ಸ ಸ್ವಾಮಿ?"