ತಾತನಿಗೆ ಇಡದ ಎಡೆ

ನನ್ನ ತಾತ ನನ್ನ ಅಜ್ಜಿಗೆ ಮೋಸ ಮಾಡಿರಲಿ ಎಂದು ನಾನು ನಂಜುಂಡೇಶ್ವರನ ಮುಂದೆ ನಿಂತು ಬೇಡಿಕೊಂಡಿದ್ದೇನೆ. ಒಂದು ಸಲವಲ್ಲ, ಹೋದ ವರ್ಷ ಭಾದ್ರಪದದಲ್ಲಿ ಸೋಮವಾರ ಸೋಮವಾರವೂ ಬೇಡಿಕೊಂಡೆ. ಯಾವುದೋ ದೇಶದಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು, ಮಕ್ಕಳು ಮರಿ ಮಾಡಿಕೊಂಡು, ನಮ್ಮನ್ನೆಲ್ಲ ಮರೆತು, ತಲೆ ಬೆಳ್ಳಗಾಗುವವರೆಗೂ ಬದುಕಿರಲಿ ಸ್ವಾಮೀ ಎಂದು. ಅರ್ಚಕರು ತೀರ್ಥ ಕೊಡುವಾಗ ನನ್ನ ಮುಖ ನೋಡಿ, "ಏನಮ್ಮಾ, ಮನೇಲಿ ಎಲ್ಲ ಸೌಖ್ಯವಾ?" ಎಂದರು. ತಲೆಯಾಡಿಸಿದೆ. ಇದನ್ನು ಅವರಿಗೆ ಹೇಗೆ ಹೇಳುವುದು?

ತಾತ ಎಂದರೆ ನಮ್ಮ ಅವ್ವನ ಅಪ್ಪ. ಟಿ. ನರಸೀಪುರದ ಆಚೆ, ಸೋಸಲೆ ದಾಟಿ ಹೋದರೆ ಸಿಗುವ ಹಳ್ಳಿಯವರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಮಹಾರಾಜರ ಪಡೆ ಸೇರಿ, ಹಡಗು ಹತ್ತಿ ಸಿಂಗಾಪುರದ ಕಡೆ ಹೋದರು. ಅವ್ವ ಆಗ ಹೊಟ್ಟೆಯಲ್ಲಿದ್ದಳು. ಹೋದವರು ಬರಲಿಲ್ಲ. ಖಾಕಿ ಬಟ್ಟೆಯಲ್ಲಿ ತೆಗೆಸಿದ ಒಂದು ಫೋಟೋ ಉಳಿಯಿತು. ಮದುವೆಯಾಗಿ ಬರುವಾಗ ಅವ್ವ ಅದನ್ನು ತಂದಿದ್ದಳು, ಈಗ ನಂಜನಗೂಡಿನ ನಮ್ಮ ಮನೆಯ ನಡುಮನೆಯಲ್ಲಿದೆ. ಅದಕ್ಕೆ ಹಾರ ಹಾಕಿದವರಿಲ್ಲ. ಸತ್ತರು ಎಂದು ಯಾರೂ ಹೇಳಲಿಲ್ಲವಲ್ಲ!

ಅಜ್ಜಿ ನನ್ನ ಎರಡನೆಯ ಬಾಣಂತನದವರೆಗೂ ಬದುಕಿದ್ದಳು. ಕೈ ತುಂಬ ಹಸಿರು ಬಳೆ, ಕಾಸಗಲ ಕುಂಕುಮ, ಮುಡಿಯಲ್ಲಿ ಹೂವು. ಊರಿನವರು ಆರತಿಗೆ, ಬಾಗಿನಕ್ಕೆ ಅವಳನ್ನೇ ಮೊದಲು ಕರೆಯುತ್ತಿದ್ದರು. ಮುತ್ತೈದೆಯಾಗಿಯೇ ಹೋದಳು, ಮುತ್ತೈದೆಗೆ ಮಾಡುವ ಹಾಗೆಯೇ ಮಣ್ಣು ಮಾಡಿದರು. ಹೋಗುವ ಮುಂಚೆ ಮನೆಯವರನ್ನೆಲ್ಲ ಹತ್ತಿರ ಕರೆದು ಒಂದು ಮಾತು ಹೇಳಿದ್ದಳು: "ಅವ್ರ್ಗೆ ಎಡೆ ಮಡಗಿದ ದಿನ ನನ್ ಕೈ ಬಳೆ ಒಡ್ದಂಗೆ. ನೆಪ್ಪಿರ್ಲಿ."

ಮಾಲಯ ಅಮಾವಾಸ್ಯೆಗೆ ನಮ್ಮ ಕಡೆ ತೀರಿಕೊಂಡ ಹಿರಿಯರಿಗೆಲ್ಲ ಎಡೆ ಇಡುತ್ತೇವೆ. ಒಬ್ಬೊಬ್ಬರಿಗೂ ಒಂದೊಂದು ಬಾಳೆ ಎಲೆ, ಅವರವರು ಇಷ್ಟಪಡುತ್ತಿದ್ದ ಅಡುಗೆ, ಗಂಡಸಿಗೆ ಪಂಚೆ, ಹೆಂಗಸಿಗೆ ಸೀರೆ. ಮುತ್ತೈದೆಯಾಗಿ ಹೋದವಳ ಎಲೆಯ ಪಕ್ಕ ಬಳೆ, ಅರಿಶಿನ, ಕುಂಕುಮ. ಸಾಂಬ್ರಾಣಿ ಹಾಕಿ, ಬಾಗಿಲು ಎಳೆದುಕೊಂಡು, ಎಲ್ಲರೂ ಹೊರಗೆ ನಿಲ್ಲುತ್ತೇವೆ. ಹಿರಿಯರು ಬಂದು ಉಣ್ಣಲಿ ಎಂದು. ತಾತನ ಮನೆಯಲ್ಲಿ ಅಜ್ಜಿಗೆ ವರ್ಷ ವರ್ಷವೂ ಬಳೆಯ ಜೊತೆ ಎಡೆ ಇಡುತ್ತಾರೆ. ತಾತನಿಗೆ ಎಲೆ ಹಾಕಿದ್ದೇ ಇಲ್ಲ.

ಹೋದ ವರ್ಷ, ನಮ್ಮ ಜೊತೆಗೇ ಇದ್ದ ಅವ್ವನ ಹೃದಯ ಸೋತಿತು. ಕಾಲು, ಕೈಗಳಲ್ಲಿ ನೀರು ತುಂಬಿಕೊಂಡಿತು. ಆಸ್ಪತ್ರೆಯವರು, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ಆ ಮಾತಿನ ಅರ್ಥ ನನಗೂ ಗೊತ್ತಾಯಿತು, ಅವ್ವನಿಗೂ ಗೊತ್ತಾಯಿತು. ನೋವಿರಲಿಲ್ಲ, ಬುದ್ಧಿ ಚುರುಕಾಗಿತ್ತು. ದೇವರು ಅಷ್ಟು ಕೊಟ್ಟಿದ್ದ.

ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ ಗಂಜಿ ಕುಡಿಸುತ್ತಿದ್ದೆ. ಲೋಟ ತಳ್ಳಿ ಹೇಳಿದಳು: "ನಮ್ಮಪ್ಪ ಅಸ್ಕಂಡವ್ನೆ ಕಣವ್ವ. ಎಲ್ಲರ್ಗೂ ಎಲೆ ಆಕ್ತಾರೆ. ಅವನ್ಗೆ ಇವತ್ಗಂಟ ಒಂದ್ ತುತ್ತು ಇಕ್ಕಿಲ್ಲ. ನಾನ್ ಓಗಕ್ಮುಂಚೆ ಒಂದ್ ದಪ ಆಕ್ಸು."

ಎಡೆ ಇಡಬೇಕಾದದ್ದು ಅವಳ ತವರಿನಲ್ಲಿ. ಅಲ್ಲಿರುವುದು ತಾತನ ತಮ್ಮನ ಮಗ, ನನಗೆ ವರಸೆಯಲ್ಲಿ ಮಾವ. ಫೋನು ಮಾಡಿದೆ.

"ಅಲ್ಲ ಕಣವ್ವ, ದೊಡ್ಡವ್ವನ ಮಾತ ಮೀರಕಾಯ್ತದಾ? ದೊಡ್ಡಪ್ಪ ಈಗ ಇಲ್ಲ ಅಂತ ನಂಗೂ ಗೊತ್ತು. ಇದ್ದಿದ್ರೆ ನೂರು ದಾಟಿರೋದು. ಆದ್ರೆ ಯಾರ್ ಮುಂಚೆ ಓದ್ರು? ದೊಡ್ಡವ್ವ ಓದ್ಮ್ಯಾಕೆ ಅವ್ರು ಓದ್ರು ಅಂತ ಒಬ್ರು ಏಳ್ಲಿ, ನಾನೇ ಪಂಚೆ ತಂದು ಎಡೆ ಮಡಗ್ತೀನಿ. ಮುಂಚೇನೇ ಓಗಿದ್ರೆ? ಮುತ್ತೈದೆ ಅಂತ ಕಳ್ಸಿದೋಳ ಬಳೆ ಈಗ ನಾನ್ ಒಡೀಲಾ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ತಾತ ಅಜ್ಜಿಗಿಂತ ಹೆಚ್ಚು ಕಾಲ ಬದುಕಿರಬೇಕು. ಯುದ್ಧದಲ್ಲಿ ಸಾಯದೆ, ನಮ್ಮನ್ನು ಬಿಟ್ಟು, ಎಲ್ಲೋ ಮುದುಕನಾಗಿರಬೇಕು. ಆಗ ಮಾತ್ರ ಅವರಿಗೂ ಎಲೆ ಉಂಟು, ಅಜ್ಜಿಗೂ ಬಳೆ ಉಂಟು. ಇದನ್ನು ಹೇಳಿದಾಗ ಅವ್ವ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಅಂಗಾರೆ ಅಲ್ಲೇ ಇನ್ನೊಂದು ಸಂಸಾರ ಮಾಡ್ಕಂಡಿರ್ಲಿ ಬುಡು. ನಂಗೇನ್ ಬೇಜಾರಿಲ್ಲ."

ನನ್ನ ಯಜಮಾನರು ಪೇಪರ್ ಮಡಿಸಿ, "ಅತ್ತೆ, ಸಿಂಗಾಪುರದಿಂದ ನಿಮ್ ತಮ್ಮ ಬಂದ್ಬುಟ್ರೆ ಏನಿಕ್ತೀರಾ?" ಎಂದರು.

"ಮುದ್ದೆ ಇಕ್ತೀನಿ. ನುಂಗಕ್ ಬರ್ದೇ ಇದ್ರೆ ಕಲಿಸ್ತೀನಿ. ನಿಮ್ಗೂ ನಾನೇ ಅಲ್ವಾ ಕಲಿಸಿದ್ದು?"

ಅವ್ವ ಕೊನೆಯದಾಗಿ ನಕ್ಕದ್ದು ಅಂದೇ.

ಮಾರನೆಯ ದಿನದಿಂದ ನಾನು ಹುಡುಕಲು ಹೊರಟೆ. ಮೈಸೂರಿಗೆ ಹೋಗಿ ಮಾಜಿ ಸೈನಿಕರ ಕೆಲಸ ನೋಡುವ ಕಚೇರಿಯಲ್ಲಿ ಕೂತೆ. ಅಲ್ಲಿದ್ದ ಹುಡುಗಿ ಒಳ್ಳೆಯವಳು, ನೀರು ಕೊಟ್ಟಳು. "ಸರ್ವಿಸ್ ನಂಬರ್ ಇಲ್ದೆ ಕಷ್ಟ ಆಂಟಿ. ಮಹಾರಾಜ್ರ ಕಾಲದ್ದು ನಮ್ಮ ಹತ್ರ ಇಲ್ಲ" ಎಂದಳು. ನಮ್ಮ ಬೀದಿಯ ಕೊನೆಯಲ್ಲಿ ಸೈನ್ಯದಿಂದ ನಿವೃತ್ತರಾದ ಹವಾಲ್ದಾರರೊಬ್ಬರಿದ್ದಾರೆ. ಅವರು ಎರಡು ದಿನ ಮೊಬೈಲಿನಲ್ಲಿ ಹುಡುಕಿದರು. ಹೊರದೇಶದಲ್ಲಿ ಸತ್ತ ಸಿಪಾಯಿಗಳ ಹೆಸರು ಸಿಕ್ಕಿದವು. ತಾತನ ಹೆಸರಿನವರೇ ಎಷ್ಟೋ ಜನ. ಅಪ್ಪನ ಹೆಸರಿಲ್ಲ, ಊರಿಲ್ಲ. ಯಾರ ಮನೆಯ ಮಗನೋ ಏನೋ. ಸತ್ತವರ ಸಾಲಿನಲ್ಲಿ ಗುರುತು ಸಿಗಲಿಲ್ಲವಲ್ಲ ಎಂದು ನನಗೆ ಸಮಾಧಾನವೇ ಆಯಿತು.

ಹವಾಲ್ದಾರರು ಕನ್ನಡಕ ತೆಗೆದು ಹೇಳಿದರು: "ಅಕ್ಕಾ, ಒಂದ್ ಮಾತು. ಸಿಪಾಯಿ ಸತ್ರೆ ಮನೆಗೆ ತಿಳಿಸ್ದೆ ಇರಲ್ಲ. ತಡ ಆದ್ರೂ ಯಾರಾದ್ರೂ ಬಂದೇ ಬತ್ತಾರೆ. ಆಗ ಆ ಮನೇಲಿದ್ದೋರು ಈಗ ಯಾರಾದ್ರೂ ಅವ್ರಾ?"

ಇದ್ದರು. ಚಿಕ್ಕಜ್ಜಿ, ತಾತನ ತಮ್ಮನ ಹೆಂಡತಿ, ಫೋನಿನಲ್ಲಿ ಮಾತಾಡಿದ ಮಾವನ ತಾಯಿ. ತೊಂಬತ್ತು ದಾಟಿದವಳು. ಲಂಗ ಉಡುವ ವಯಸ್ಸಿನಲ್ಲಿ ಆ ಮನೆಗೆ ಸೊಸೆಯಾಗಿ ಬಂದವಳು. ಯಾರೂ ಬಂದಿರಲಿಲ್ಲ ಎಂದು ಅವಳು ಹೇಳಿಬಿಟ್ಟರೆ ಸಾಕಿತ್ತು. ಸಾವಿನ ಸುದ್ದಿ ಬರಲಿಲ್ಲ, ಆದ್ದರಿಂದ ಬದುಕಿದ್ದರು ಎಂದು ಮಾವನನ್ನು ಒಪ್ಪಿಸಬಹುದಿತ್ತು.

ಅಮಾವಾಸ್ಯೆಗೆ ಇನ್ನು ಕೆಲವೇ ದಿನ ಇದ್ದಾಗ ಹೋದೆ. ಬಸ್ಸಿನಲ್ಲಿ ಸೀಟು ಸಿಕ್ಕಿತು, ಅದೂ ನಂಜುಂಡಪ್ಪನ ದಯೆ. ಮಾವ ಗದ್ದೆಗೆ ಹೋಗಿದ್ದ. ಚಿಕ್ಕಜ್ಜಿ ಜಗುಲಿಯ ಮೇಲೆ ಮೊರ ಇಟ್ಟುಕೊಂಡು, ಕಣ್ಣು ಕಾಣದಿದ್ದರೂ ಬೆರಳಿನಲ್ಲೇ ಹುರುಳಿಕಾಳಿನ ಕಲ್ಲು ಆರಿಸುತ್ತಿದ್ದಳು.

"ಯಾರವ್ವ ಅದು?"

"ನಾನು ಕಣಜ್ಜಿ, ನಂಜನಗೂಡಿನವಳು."

"ಎಡೆ ದಿನಕ್ ಮುಂಚೇನೇ ಬಂದ್ಬುಟ್ಯಲ್ಲೇ! ನಿನ್ ಗಂಡ ಒಟ್ಟೆಗಿಕ್ಕಲ್ವಾ?"

ನಗಲಿಕ್ಕಾಗಲಿಲ್ಲ. ಕೇಳಿಯೇಬಿಟ್ಟೆ. "ಅಜ್ಜಿ, ತಾತ ಯುದ್ಧಕ್ಕೆ ಹೋದ ಮೇಲೆ ಮಿಲಿಟ್ರಿ ಕಡೆಯಿಂದ ಯಾರಾದ್ರೂ ಈ ಮನೆಗೆ ಬಂದಿದ್ರಾ?"

ಮೊರದಲ್ಲಿ ಬೆರಳು ನಿಂತವು.

"ಅದ್ನ ಕೇಳ್ಬ್ಯಾಡ."

"ಅವ್ವ ಉಳಿಯಲ್ಲ ಅಜ್ಜಿ."

"ಯಾರ್ ಉಳಿಯದಿದ್ರೂ ಕೇಳ್ಬ್ಯಾಡ. ದೀಪ ಮುಟ್ಟಿ ಮಾತ್ ಕೊಟ್ಟಿವ್ನಿ."

ಯಾರೂ ಬರದಿದ್ದರೆ ದೀಪ ಮುಟ್ಟುವುದು ಯಾಕೆ? "ಹಾಗಾದ್ರೆ ಯಾರೋ ಬಂದಿದ್ರು" ಎಂದೆ.

"ಅಯ್ಯೋ, ನನ್ ಬಾಯ್ಗೆ ಮಣ್ಣಾಕ! ಏಳ್ದೇನೇ ಏಳ್ಬುಟ್ನಲ್ಲ..." ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಅವಳೇ ಹೇಳಿದಳು. ಅವ್ವ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಗಂಡಸರೆಲ್ಲ ಹೊಲದಲ್ಲಿದ್ದಾಗ ಊರ ಪಟೇಲರು ಒಬ್ಬ ಖಾಕಿಯವನನ್ನು ಕರೆದುಕೊಂಡು ಬಂದರು. ಅಜ್ಜಿ ತಾತನ ಸಾವಿನ ಸುದ್ದಿ ಕೇಳಿ ಅಳಲಿಲ್ಲ. ಪಟೇಲರ ಕಾಲು ಹಿಡಿದುಕೊಂಡಳು, ಇದು ತಾತನ ಅಪ್ಪನಿಗೆ ಗೊತ್ತಾಗಬಾರದು ಎಂದು.

"ವಯಸ್ನ ಎಣ್ಣು ಕಣವ್ವ ಅವ್ಳು. ಗಂಡ ಓದ ಅಂತ ಗೊತ್ತಾದ್ರೆ, ಯಾರೋ ಎಂಡ್ತಿ ಸತ್ತೋನ್ ಜೊತೆ ಕೂಡಿಕೆ ಮದ್ವೆ ಮಾಡಿ ಸಾಗಾಕ್ಬುಡೋರು. ಕೂಸು ಈ ಮನೇದು, ಇಲ್ಲೇ ಬುಟ್ಟು ಓಗ್ಬೇಕು. ಆಗಿನ್ ಕಟ್ಲೆ ಅದು. 'ನನ್ ಕೂಸ್ನ ಬುಟ್ಟು ನಾನೆಂಗ್ ಓಗ್ಲಿ' ಅಂದ್ಲು. ಪಟೇಲ್ರೂ ಎಣ್ಮಕ್ಳು ಎತ್ತೋರು, ಸುಮ್ಕಾದ್ರು. ನಾನೊಬ್ಳು ಇದ್ನಲ್ಲ ಮನೇಲಿ, ನನ್ ಕೈಯ್ಯಿ ಇಡ್ಕಂಡ್ ಓಗಿ ದೀಪ ಮುಟ್ಟಿಸಿದ್ಲು. ಆಮ್ಯಾಕೆ ಮುಖ ತೊಳ್ಕಂಡು, ಕುಂಕ್ಮ ಇಟ್ಕಂಡು, ಒಲೆ ಅಚ್ಚಿದ್ಲು."

ಹಿಂದಕ್ಕೆ ಬರುವಾಗ ಟಿ. ನರಸೀಪುರದಲ್ಲಿ ಬಸ್ಸು ತಡವಾಯಿತು. ಸಂಗಮಕ್ಕೆ ಹೋಗಿ ಮೆಟ್ಟಿಲ ಮೇಲೆ ಕೂತು, ಅವ್ವನಿಗೆ ಹೇಳಬೇಕಾದ ಸುಳ್ಳನ್ನು ಕಟ್ಟಿದೆ. ಸಿಂಗಾಪುರದಲ್ಲಿ ಅಂಗಡಿ ಇಟ್ಟಿದ್ದರಂತೆ, ಮುದುಕರಾಗಿ ಹೋದರಂತೆ, ಯಾರೋ ಬಂದು ಹೇಳಿದರಂತೆ. ಸುಳ್ಳು ಚೆನ್ನಾಗಿಯೇ ಬಂತು. ಆದರೆ ಅದನ್ನು ನಂಬಿ ಮಾವ ಎಲೆ ಹಾಕಿದರೆ ಒಡೆಯುವುದು ಅಜ್ಜಿಯ ಬಳೆ. ಅವಳು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಪಾಡಿದ ಬಳೆ.

ಮನೆಗೆ ಬಂದಾಗ ಅವ್ವ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದಳು.

"ಏನಂದ್ಲು ಚಿಕ್ಕವ್ವ?"

ಕಾಲು ತೊಳೆದು ಬರುತ್ತೇನೆ ಎಂದೆ. "ಇಲ್ ಕೂತ್ಕ, ಏಳು" ಎಂದಳು. ಕೂತೆ. ಸುಳ್ಳು ಬರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಕೂಡಿಕೆಯ ಮಾತು ಬಂದಾಗ ಅವ್ವ ಕೈಯೆತ್ತಿ ತಡೆದಳು.

"ಅಂಗ್ ಮಾಡಿದ್ರೆ ನಾನು?"

"ಆ ಮನೇಲೇ ಇರ್ತಿದ್ದೆ ಅವ್ವ. ಅಜ್ಜಿ ಇಲ್ದೆ."

ಅವ್ವ ಗೋಡೆಯ ಮೇಲಿನ ಫೋಟೋ ನೋಡಿದಳು. ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗ, ನನ್ನ ಮಗನಿಗಿಂತ ಚಿಕ್ಕವನು, ನಮ್ಮಿಬ್ಬರನ್ನೂ ನೋಡುತ್ತಿದ್ದ. ಅವ್ವನ ಕಣ್ಣಿನಲ್ಲಿ ನೀರು ಸುಮ್ಮನೆ ಇಳಿಯತೊಡಗಿತು.

"ಅಂಗಾರೆ ಇಷ್ಟ್ ವರ್ಸ ನಮ್ಮಪ್ಪ ಉಪಾಸ ಬಿದ್ದಿರೋದು ನನ್ ಸಲುವಾಗಿ."

"ಅವ್ವಾ, ಹಾಗನ್ಬೇಡ."

"ಎಡೆ ಬ್ಯಾಡ. ಆಕ್ಬ್ಯಾಡ ಅಂತ ಏಳು. ಅವಳ ಬಳೆ ಒಡೀಬ್ಯಾಡಿ." ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಹೇಳಿದಳು. "ನಾನೇ ಓಗಿ ಬಡಿಸ್ತೀನಿ ಬುಡು. ಇನ್ನೇನು ಬಾಳ ದಿನ ಇಲ್ಲ."

ನಾನು ಅವಳ ಕಾಲ ಹತ್ತಿರ ತಲೆಯಿಟ್ಟು ಅತ್ತೆ. ಊದಿಕೊಂಡ ಕಾಲು ತಣ್ಣಗಿತ್ತು.

ಅಮಾವಾಸ್ಯೆಗೆ ಅವಳಿಗೆ ಏಳಲಾಗಲಿಲ್ಲ. ಅಂಗಡಿ ಬೀದಿಯಿಂದ ಹಸಿರು ಬಳೆ ತರಿಸಿ, ನನ್ನ ಅಪ್ಪ ತೀರಿಕೊಂಡಂದಿನಿಂದ ಬರಿದಾಗಿದ್ದ ತನ್ನ ಕೈಯಲ್ಲಿ ಒಂದು ಸಲ ಸವರಿ, ನನಗೆ ಕೊಟ್ಟು ತವರಿಗೆ ಕಳಿಸಿದಳು. ಮಾವನಿಗೆ ಇಷ್ಟೇ ಹೇಳಿದೆ: "ಏನೂ ಗೊತ್ತಾಗಲಿಲ್ಲ ಮಾವ, ನಡೆದು ಬಂದ ಹಾಗೇ ನಡೆಯಲಿ." ಅವನು ಅಜ್ಜಿಯ ಎಲೆಯ ಪಕ್ಕ ಬಳೆ ಜೋಡಿಸಿದ. ಬಾಗಿಲು ಎಳೆದು ಎಲ್ಲರೂ ಹೊರಗೆ ನಿಂತೆವು. ಚಿಕ್ಕಜ್ಜಿ ಕತ್ತಲೆಗಣ್ಣಿನಲ್ಲೇ ನನ್ನ ಕೈ ಹುಡುಕಿ ಹಿಡಿದುಕೊಂಡಳು. ಒಳಗೆ ಎಲೆಗಳ ಸಾಲಿನಲ್ಲಿ ಅಜ್ಜಿಯ ಎಡಕ್ಕೆ ಒಂದು ಎಲೆಯಷ್ಟು ನೆಲ ಖಾಲಿ ಇತ್ತು. ಬಾಗಿಲು ಹಾಕುವ ಮುಂಚೆ ನಾನು ಅದನ್ನೇ ನೋಡಿದ್ದೆ.

ಕಾರ್ತಿಕದಲ್ಲಿ ಅವ್ವ ಹೋದಳು. ಬೆಳಗಿನ ಹೊತ್ತು, ನನ್ನ ಕೈಯಿಂದ ಎರಡು ಚಮಚ ಗಂಜಿ ಕುಡಿದು. ಅಷ್ಟು ಭಾಗ್ಯ ನನಗಿತ್ತು. ಬೇಸಿಗೆಯಲ್ಲಿ ಚಿಕ್ಕಜ್ಜಿಯೂ ಹೋದಳು. ಈಗ ಇದು ನನಗೆ, ನನ್ನ ಯಜಮಾನರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವ್ವನ ಫೋಟೋ ತಾತನ ಪಕ್ಕದಲ್ಲಿದೆ. ಮಗಳಿಗೆ ಹಾರವಿದೆ, ಅಪ್ಪನಿಗಿಲ್ಲ.

ಈ ವರ್ಷ ಮಾಲಯ ಪಕ್ಷ ಬಂತು. ಅವ್ವನ ಎಡೆಯನ್ನು ನನ್ನ ತಮ್ಮನ ಮನೆಯಲ್ಲಿ ಇಟ್ಟೆವು. ಮಾರನೆಯ ದಿನ ನಾನೊಬ್ಬಳೇ ಒಂದು ಹಿಡಿ ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಪಿಲೆಯ ಸ್ನಾನಘಟ್ಟಕ್ಕೆ ಇಳಿದೆ. ಎಲೆ ಹಾಕುವುದು ಬೇಡ, ಹೆಸರು ಹೇಳುವುದೂ ಬೇಡ, ಯಾರಿಗೆ ಎನ್ನದೆ ನೀರಿಗೆ ಬಿಟ್ಟುಬಿಡೋಣ, ತಾತನಿಗೆ ಸೇರಿದರೆ ಸೇರಲಿ ಎಂದುಕೊಂಡಿದ್ದೆ. ಮೊಣಕಾಲುದ್ದದ ನೀರಿನಲ್ಲಿ ನಿಂತೆ. ಕೈ ಮುಂದೆ ಹೋಯಿತು. ಹೆಸರು ಹೇಳದಿದ್ದರೂ ಯಾರಿಗೆ ಎಂದು ನನಗೆ ಗೊತ್ತಲ್ಲ. ನನಗೆ ಗೊತ್ತಿದ್ದದ್ದು ಅಜ್ಜಿಗೆ ಗೊತ್ತಾಗದೆ ಇರುತ್ತದೆಯೇ? ಬೆರಳು ಬಿಚ್ಚಲಿಲ್ಲ. ನಂಜುಂಡಪ್ಪಾ, ನೀನೇ ಒಂದು ದಾರಿ ತೋರಿಸು ಎಂದು ಗೋಪುರದ ಕಡೆ ತಿರುಗಿ ನಿಂತೆ. ಹಿಂದೆ ಯಾರೋ, "ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ನಾವೂ ಬಿಡಬೇಕು" ಎಂದರು. ಪಕ್ಕಕ್ಕೆ ಬಂದೆ.

ಆ ಅಕ್ಕಿಯನ್ನು ಮನೆಗೆ ತಂದು, ಡಬ್ಬದ ಅಕ್ಕಿಯ ಜೊತೆ ಸೇರಿಸಿ, ಮಧ್ಯಾಹ್ನಕ್ಕೆ ಅನ್ನ ಮಾಡಿದೆ. ನಾನೂ ಯಜಮಾನರೂ ಉಂಡೆವು. ಅವ್ವ ಅಲ್ಲಿ ತನ್ನಪ್ಪನಿಗೆ ಬಡಿಸಿದಳೋ ಇಲ್ಲವೋ, ಯಾರನ್ನು ಕೇಳಲಿ?