ರಂಗಪ್ಪಣ್ಣನ ಮೀಸಲು

ದೆವ್ವ, ಗಾಳಿ, ಸೋಕು ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದವನು. ಕೊರಟಗೆರೆಯಲ್ಲಿ ನಮ್ಮ ಅಜ್ಜಿ ಇಂಥ ಕತೆ ಶುರು ಮಾಡಿದರೆ "ನೀನು ಕಣ್ಣಾರೆ ನೋಡಿದ್ಯಾ?" ಅಂತ ಕೇಳಿ ಬೈಸಿಕೊಂಡಿದ್ದೇನೆ. ಈಗ ಅದೇ ಪ್ರಶ್ನೆಯನ್ನು ನನಗೆ ಯಾರಾದರೂ ಕೇಳಿದರೆ ನೋಡಿದ್ದೇನೆ ಅನ್ನಬೇಕಾಗುತ್ತದೆ. ಅದೂ ಅಮಾವಾಸ್ಯೆ ರಾತ್ರಿಯಲ್ಲಲ್ಲ, ಮಟಮಟ ಮಧ್ಯಾಹ್ನ, ಎಸಿ ಹಾಕಿದ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ. ನಂಬಿ ಅಂತ ನಿಮ್ಮನ್ನು ಒತ್ತಾಯ ಮಾಡುವುದಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ಮಧುಗಿರಿಯ ಒಂದು ಖಾಸಗಿ ಡೇಟಾ ಸೆಂಟರಿನಲ್ಲಿ ನನ್ನ ಕೆಲಸ. ಹೆಸರು ದೊಡ್ಡದು, ಇರುವುದು ಒಂದೇ ಕೋಣೆ, ಬೀರುವಿನಂಥ ಕಪಾಟುಗಳಲ್ಲಿ ಕೆಲವು ಸರ್ವರುಗಳು. ಒಂದೊಂದು ಸರ್ವರಿನ ಒಳಗೂ ಹತ್ತಾರು ಕಂಪ್ಯೂಟರುಗಳು ಬೇರೆ ಬೇರೆ ಇರುವ ಹಾಗೆ ನಡೆಯುತ್ತವೆ. ಅವಕ್ಕೆ ವರ್ಚುವಲ್ ಮೆಷಿನ್ ಅನ್ನುತ್ತೇವೆ. ಒಂದೇ ಒಲೆಯ ಕೂಡುಕುಟುಂಬ ಅಂದುಕೊಳ್ಳಿ. ಮೆಮೊರಿ ಅನ್ನುವುದು ಪಾತ್ರೆಯಲ್ಲಿರುವ ಅನ್ನ, ಇರುವುದು ಇಷ್ಟೇ. ಸುಮ್ಮನೆ ಕೂತವನ ತಟ್ಟೆಯಿಂದ ತೆಗೆದು ದುಡಿಯುವವನಿಗೆ ಬಡಿಸಬೇಕು. ನೆಟ್‌ವರ್ಕಿನ ದಾರಿಯಲ್ಲಿ ಒಬ್ಬರು ಇನ್ನೊಬ್ಬರನ್ನು ತುಳಿಯದ ಹಾಗೆ ನೋಡಿಕೊಳ್ಳಬೇಕು. ಆ ಮೆಷಿನ್ನುಗಳಲ್ಲಿ ಒಂದಕ್ಕೆ ಸುತ್ತಲಿನ ಆರೋಗ್ಯ ಕೇಂದ್ರಗಳಲ್ಲಿ ತೆಗೆದ ಇಸಿಜಿಗಳು ಬರುತ್ತವೆ. ಅದು ಅವನ್ನು ಬಂದ ಸಾಲಿನಲ್ಲೇ ಹೃದಯದ ಡಾಕ್ಟರ ಫೋನಿಗೆ ಕಳಿಸುತ್ತದೆ. ಅವರು ನೋಡಿ ಹೇಳಿದ ಮೇಲೇ ಆ ಕಡೆ ಇಂಜೆಕ್ಷನ್.

ನನಗೆ ಈ ಕೆಲಸ ಕಲಿಸಿದವರು ಹುಲಿಕುಂಟೆಯ ರಂಗಪ್ಪಣ್ಣ. ಮೂಗಿನ ಮೇಲೆ ಕೋಪ, ಆದರೆ ಹೊಟ್ಟೆಯಲ್ಲಿ ಕಲ್ಮಷ ಇಲ್ಲದ ಮನುಷ್ಯ. ಅವರ ಮನೆಯಲ್ಲಿ ಹಸು ಕರು ಹಾಕಿದರೆ ಮೊದಲು ಕಡೆದ ಬೆಣ್ಣೆ ಮನೆದೇವರಿಗೆ ಮೀಸಲಂತೆ. ಮಕ್ಕಳು ಅತ್ತು ಹೊರಳಾಡಿದರೂ ಅದನ್ನು ಮುಟ್ಟುವ ಹಾಗಿಲ್ಲ. ಅದೇ ಪದ್ಧತಿಯನ್ನು ಇಲ್ಲಿಗೂ ತಂದಿದ್ದರು. ಪ್ರತಿ ಸರ್ವರಿನಲ್ಲೂ 'ಮೀಸಲು' ಅಂತ ಹೆಸರಿಟ್ಟು ಒಂದು ಖಾಲಿ ಮೆಷಿನ್ ಮಾಡಿ, ಒಂದಿಷ್ಟು ಮೆಮೊರಿ ಅದಕ್ಕೆ ಕಟ್ಟಿಡುವುದು. ಅದಕ್ಕೆ ಯಾವ ಕೆಲಸವೂ ಇಲ್ಲ. ಎಲ್ಲಾ ಕಡೆ ಮೆಮೊರಿ ಮುಗಿದು ಉಸಿರು ಕಟ್ಟಿದಾಗ ಆ ಮೆಷಿನ್ ಬಂದ್ ಮಾಡಿದರೆ ಅಷ್ಟು ಮೆಮೊರಿ ಬಿಡುಗಡೆ. "ಪ್ರಾಣ ಹೋಗೋ ಹೊತ್ನಾಗೆ ಬಿಟ್ರೆ ಇನ್ಯಾವತ್ತೂ ಮುಟ್ಟಬ್ಯಾಡ ಕಣ್ಲಾ" ಅನ್ನೋರು.

ರಂಗಪ್ಪಣ್ಣ ಕಾಮಾಲೆಯಾಗಿ ತೀರಿಕೊಂಡರು. ಆಮೇಲೆ ಹಳೇ ಸರ್ವರುಗಳು ಗುಜರಿಗೆ ಹೋಗಿ ಹೊಸವು ಬಂದವು. ಕೆಲಸ ಮಾಡದ ಮೆಷಿನ್ನಿಗೆ ಮೆಮೊರಿ ಯಾಕೆ ದಂಡ ಅಂತ ಮೇಲಿನವರು ಅಂದರು. ಹೊಸದರಲ್ಲಿ ಮೀಸಲು ಇಡಲೇ ಇಲ್ಲ. ಈ ಮಾತು ದಯವಿಟ್ಟು ನೆನಪಿರಲಿ.

ಆವತ್ತು ಊಟದ ಹೊತ್ತಿಗೆ ಯಾವುದೋ ಲೆಕ್ಕಪತ್ರದ ಮೆಷಿನ್ ಕೆಟ್ಟು ಸಿಕ್ಕಿದ ಮೆಮೊರಿಯನ್ನೆಲ್ಲ ನುಂಗುತ್ತಾ ಹೋಯಿತು. ಅದನ್ನು ಬಂದ್ ಮಾಡಲು ಎಷ್ಟು ಒದ್ದಾಡಿದರೂ ಜಗ್ಗಲಿಲ್ಲ. ಇಸಿಜಿ ಮೆಷಿನ್ ನಿಂತಲ್ಲೇ ನಿಂತಿತು. ಇದನ್ನೇ ಬಂದ್ ಮಾಡಿ ಮತ್ತೆ ಹಚ್ಚೋಣ ಅಂದರೆ ಬಂದಿರುವ ಇಸಿಜಿಗಳೆಲ್ಲ ಅಳಿಸಿ ಹೋಗುತ್ತವೆ. ನನ್ನ ಜೊತೆಗಾರ ಶಿರಾದ ಫಯಾಜ್ ಅದನ್ನು ಇನ್ನೊಂದು ಸರ್ವರಿಗೆ ಸಾಗಿಸಲು ಹಚ್ಚಿದ್ದ. ಆ ಕೆಲಸವೋ ಆಮೆ ನಡಿಗೆ. ನಾವಿಬ್ಬರೂ ಕೈಕಟ್ಟಿಕೊಂಡು ಪರದೆ ನೋಡುತ್ತಾ ನಿಂತಿದ್ದೆವು. ಅಷ್ಟರಲ್ಲಿ ಪಾವಗಡದಿಂದ ನಮ್ಮ ಭಾವನ ಫೋನು.

"ನಿಮ್ಮಕ್ಕಂಗೆ ಎದೆನೋವು ಬಂದ್ಬುಟ್ಟೈತಪ್ಪಾ. ಇಸಿಜಿ ತೆಗ್ದು ನಿಮ್ಮ ಕಡೇಗೇ ಕಳ್ಸಿದೀವಿ ಅಂತಾರೆ. ಡಾಕ್ಟ್ರು ಇನ್ನೂ ಏನೂ ಹೇಳಿಲ್ವಂತೆ. ಒಸಿ ಜಲ್ದಿ ನೋಡಪ್ಪಾ."

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಸಾಲು ನೋಡಿದೆ. ರಾಯಚರ್ಲಿನ ಆರೋಗ್ಯ ಕೇಂದ್ರದಿಂದ ಬಂದ ಒಬ್ಬ ಗಂಡಸಿನ ಇಸಿಜಿ ಮುಂದಿತ್ತು, ಅದರ ಹಿಂದೆ ಅಕ್ಕನದು. 'ಅಕ್ಕಂದು ಮುಂದಕ್ಕೆ ತಗೋ ಫಯಾಜ್' ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಸಾಲು ತಪ್ಪಿಸುವುದು ರಂಗಪ್ಪಣ್ಣನಿಗೆ ಆಗದ ಮಾತು. ಅವರ ಸ್ವಂತ ತಮ್ಮನ ಇಸಿಜಿ ಸಿಕ್ಕಿಕೊಂಡಿದ್ದಾಗಲೂ "ಮುಂದಿರೋನಿಗೂ ಒಬ್ಬಳು ತಾಯಿ ಇರ್ತಾಳೆ" ಅಂತ ಹಲ್ಲು ಕಚ್ಚಿಕೊಂಡು ಕಾದವರು.

ಆಗ ಪರದೆಯಲ್ಲಿ, ಮೆಷಿನ್ನುಗಳ ಹೆಸರಿನ ಕೊನೆಗೆ, 'ಮೀಸಲು' ಅಂತ ಒಂದು ಹೆಸರು ಬಂತು. ಪಕ್ಕದಲ್ಲಿ ಹಸಿರು ಚುಕ್ಕೆ. ನಾನು ಕಣ್ಣುಜ್ಜಿಕೊಂಡೆ. ಫಯಾಜನ ಎರಡೂ ಕೈ ಕಂಕುಳಲ್ಲಿದ್ದವು, ನನ್ನ ಕೈಯಲ್ಲಿ ಫೋನಿತ್ತು. ಹಸಿರು ಚುಕ್ಕೆ ತಾನಾಗಿಯೇ ಆರಿತು. ಒಂದಿಷ್ಟು ಮೆಮೊರಿ ಬಿಡುಗಡೆಯಾಯಿತು, ಒಂದೇ ಒಂದು ಇಸಿಜಿ ಹೊರಗೆ ಹೋಯಿತು, ಮತ್ತೆ ಎಲ್ಲಾ ನಿಂತಿತು. ಹೋದದ್ದು ಅಕ್ಕನದು. ರಾಯಚರ್ಲಿನವನದು ಸಾಲಿನಲ್ಲಿ ಮೊದಲು ಇದ್ದಲ್ಲೇ ಇತ್ತು. ಆ ಹೆಸರು ಹುಡುಕಿದರೆ ಪರದೆಯಲ್ಲಿ ಇಲ್ಲ.

"ಅಣ್ಣ, ನೀವೂ ನೋಡಿದ್ರಲ್ಲಾ?" ಅಂದ ಫಯಾಜ್.

ಡಾಕ್ಟರು ಪಾವಗಡಕ್ಕೆ ಫೋನ್ ಮಾಡಿದರು. ಇಂಜೆಕ್ಷನ್ ಕೊಟ್ಟರು. ಅಕ್ಕ ಉಳಿದಳು. ಮೆಷಿನ್ ಬೇರೆ ಸರ್ವರಿಗೆ ಹೋಗಿ ಸೇರಿದ ಮೇಲೆ ಉಳಿದವೂ ಹೋದವು. ರಾಯಚರ್ಲಿನ ಮನುಷ್ಯನ ವಿಷಯ ಮಾರನೇ ದಿನ ಅಲ್ಲಿನ ನರ್ಸಮ್ಮನನ್ನು ಕೇಳಿದೆ. ಡಾಕ್ಟರ ಫೋನು ಬರುವಷ್ಟರಲ್ಲಿ ಅವನ ಉಸಿರು ನಿಂತಿತ್ತಂತೆ. ಸೋಲಾರ್ ಪಾರ್ಕಿನಲ್ಲಿ ಫಲಕ ಒರೆಸುವ ಕೆಲಸ ಮಾಡಿಕೊಂಡಿದ್ದವನು, ಇನ್ನೂ ಸಣ್ಣ ವಯಸ್ಸು.

ನಾನು ಸುಮ್ಮನಿರಲಿಲ್ಲ. ಯಂತ್ರದೊಳಗೆ ನಡೆದದ್ದೆಲ್ಲ ತಾನಾಗಿ ದಾಖಲಾಗುತ್ತದೆ, ಅದನ್ನು ಜಾಲಾಡಿದೆ. ಅಂಥ ಮೆಷಿನ್ ಹುಟ್ಟಿದ್ದಕ್ಕೂ ಗುರುತಿಲ್ಲ, ಆರಿದ್ದಕ್ಕೂ ಗುರುತಿಲ್ಲ. ಸರ್ವರ್ ಮಾರಿದ ಕಂಪನಿಯವರನ್ನೂ ಕರೆಸಿ ತೋರಿಸಿದೆ. ಸುಸ್ತಾಗಿದ್ದೀರಿ, ರಜೆ ಹಾಕಿ ಅಂದರು.

ಫಯಾಜನಿಗೆ ಮಾತ್ರ ಅನುಮಾನವೇ ಇಲ್ಲ. "ರಂಗಪ್ಪಣ್ಣಾನೇ ಅಣ್ಣ. ಪಾವಗಡಕ್ಕೆ ಕೇಬಲ್ ಕೆಲಸಕ್ಕೆ ಹೋದಾಗೆಲ್ಲ ಅಕ್ಕನ ಮನೇಲೇ ಊಟ ಮಾಡ್ತಿದ್ರು. ಉಪ್ಪಿನ ಋಣ ತೀರಿಸಿದ್ರು, ಅಷ್ಟೇ" ಅನ್ನುತ್ತಾನೆ. ಕೇಳಲು ಹಿತವಾದ ಮಾತು. ಸ್ವಲ್ಪ ದಿನ ನಾನೂ ಅದನ್ನೇ ಹಿಡಿದುಕೊಂಡಿದ್ದೆ.

ಅಕ್ಕನನ್ನು ನೋಡಲು ಹೋದಾಗ ಅವಳು ನನ್ನ ಕೈ ಹಿಡಿದುಕೊಂಡು "ನಿನ್ನಿಂದ ಉಳ್ಕೊಂಡೆ ಕಣೋ" ಅಂದಳು. ನಾನೇನೂ ಮಾಡಲಿಲ್ಲ ಅಕ್ಕ, ಅಂದೆ. ನಿಜವೇ ಹೇಳಿದ್ದು. ಆದರೂ ಅವಳ ಮುಖ ನೋಡಲಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಮಾತೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ರಂಗಪ್ಪಣ್ಣನೇ ಬಂದಿದ್ದರೆ ಮೊದಲು ಹೋಗಬೇಕಾದದ್ದು ರಾಯಚರ್ಲಿನವನ ಇಸಿಜಿ. ತಮ್ಮನಿಗೂ ಸಾಲು ತಪ್ಪಿಸದವರು ಉಂಡ ಮನೆಗೆ ಅಂತ ತಪ್ಪಿಸುವವರಲ್ಲ, ಸತ್ತ ಮೇಲೂ. ಹಾಗಾದರೆ ಆ ಮೀಸಲು ಮುರಿದವರು ಯಾರು? ಆ ಕೋಣೆಯಲ್ಲಿ ಆಗ ಇದ್ದದ್ದು ನಾವಿಬ್ಬರು. ಮುಂದಿದ್ದವನನ್ನು ಬಿಟ್ಟು ಹಿಂದಿದ್ದವಳು ಹೋಗಲಿ ಅಂತ ಬಯಸಿದ್ದು ಒಬ್ಬನೇ.